ಹೊಲದ ಮನೆಯ ಲೇತಿಗೆ ಯಾವ ಮೊನೆ?

ನಮ್ಮ ಕಡೆ ಈಗ ಊರಿಗೆ ಒಂದೆರಡಾದರೂ ವೆಲ್ಡಿಂಗ್ ಮೆಷಿನ್ ಇವೆ. ಅದರ ಬೆನ್ನಿಗೇ ಲೇತೂ ಬರ್ತಾ ಇದೆ. ಹೊಸದೇನಲ್ಲ. ಪೇಟೆ ವರ್ಕ್‌ಶಾಪಿನವರು ದೊಡ್ಡದು ತಗೊಂಡಾಗ ಮಾರಿದ ನಾಲ್ಕೂವರೆ ಅಡಿಯ ಬೆಲ್ಟ್ ಲೇತು, ಇಲ್ಲವೇ ರಾಜಕೋಟ್ ಕಡೆಯಿಂದ ಲಾರಿಯಲ್ಲಿ ಬಂದ ಪುಟ್ಟ ಲೇತು. ಚಳ್ಳಕೆರೆ, ಹಿರಿಯೂರು ಸುತ್ತಿನ ಒಣ ಬೇಸಾಯದವರ ಕೊಟ್ಟಿಗೆ ಮಗ್ಗುಲಲ್ಲಿ ಲೇತ್ ಕಂಡು ನಗೋರೂ ಇದ್ದಾರೆ. ನಗಲಿ ಬಿಡಿ. ನನಗೆ ಬೇಜಾರಾಗೋದು ಅದಕ್ಕಲ್ಲ. ಹೀಗೆ ಬಂದ ಲೇತುಗಳಲ್ಲಿ ಕೆಲವು ವರ್ಷ ತುಂಬೋದರೊಳಗೆ ಗೋಣಿಚೀಲ ಹೊದ್ದುಕೊಂಡು ಕೂತಿವೆ. ಯಾಕಪ್ಪಾ ಅಂದ್ರೆ, "ಟೂಲು ಕಡಿಯಾದೇ ಇಲ್ಲ ಮಾವ, ಬರೀ ಗರಗರ ಅಂತೈತೆ" ಅಂತಾರೆ. ಲೇತು ಸರಿಯಾಗೇ ಇರುತ್ತೆ. ಅದಕ್ಕೆ ಕಟ್ಟಿದ ಮೊನೆ ಅದರ ಅಳತೆಯದಲ್ಲ, ಅಷ್ಟೆ.

ಈಗ ಲೇತ್ ತಗೊಳ್ಳೋ ಹುಡುಗರು ಮೊದಲು ಕೇಳೋದೇ ಇನ್ಸರ್ಟ್ ಟೂಲು. ಅಂದ್ರೆ ಉಕ್ಕಿನ ಹಿಡಿಕೆ ತುದಿಗೆ ಸ್ಕ್ರೂ ಹಾಕಿ ಕೂರಿಸೋ ಕಾರ್ಬೈಡ್ ಬಿಲ್ಲೆ. ಒಂದು ಮೂಲೆ ಸವೆದರೆ ತಿರುಗಿಸಿ ಇನ್ನೊಂದು ಮೂಲೆ, ಎಲ್ಲಾ ಮುಗಿದರೆ ಎಸೆದು ಹೊಸದು. ಕಲ್ಲಿಗೆ ಹಿಡಿದು ಮಸೆಯೋ ರಗಳೆ ಇಲ್ಲ. ಕೇಳೋಕೆ ಚೆನ್ನಾಗೇ ಇದೆ. ಒಳ್ಳೆ ವಸ್ತುವೇ ಅದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಮ್ಮ ಲೇತಿಗೆ ಅದು ಮೊದಲ ಟೂಲ್ ಆಗಬಾರದು, ಎರಡನೇದಾಗಬೇಕು, ಅದರಲ್ಲೂ ಆರಿಸಿ ತರಬೇಕು ಅನ್ನೋದು ನನ್ನ ಅಭಿಪ್ರಾಯ. ಏಳನೇ ಕ್ಲಾಸ್ ಓದಿದೋನು ಎಂಜಿನಿಯರ್ ಮಾತಾಡ್ತಾನೆ ಅಂದ್ಕೋಬೇಡಿ. ಲೆಕ್ಕ ಮುಂದೆ ಇಡ್ತೀನಿ, ನೀವೇ ಹಾಕಿ ನೋಡಿ.

ನಮಗೆ ಲೇತು ಯಾಕೆ ಬೇಕು ಅನ್ನೋದರಿಂದ ಶುರು ಮಾಡೋಣ. ನಮ್ಮ ಸೀಮೆಗೆ ವರ್ಷಕ್ಕೆ 500 ಮಿ.ಮೀ. ಮಳೆ ಬಂದ್ರೆ ಅದೇ ಪುಣ್ಯ. ಬಿತ್ತೋ ಹದ ಬಂತು ಅಂದ್ರೆ ಮೂರು ದಿನ, ಗಾಳಿ ಬಿಟ್ಟರೆ ಎರಡೇ ದಿನ. ಆ ಹೊತ್ತಿಗೆ ಟ್ರ್ಯಾಕ್ಟರ್ ಕೂರಿಗೆಯ ಶಾಫ್ಟ್ ಬುಶ್ ತಿಂದು ಹೋಯ್ತು ಅನ್ನಿ. ಪೇಟೆಗೆ ಹೋಗಿ, ಲೇತ್ ಅಂಗಡಿ ಮುಂದೆ ಸಾಲಲ್ಲಿ ಕೂತು, ಕರೆಂಟ್ ಹೋಗಿ, ಮಾರನೇ ದಿನ ಬಾ ಅನ್ನಿಸಿಕೊಂಡು ಬರೋದರೊಳಗೆ ಹೊಲ ಆರಿರುತ್ತೆ. ಶೇಂಗಾ ಬೀಜ ಚೀಲದಲ್ಲೇ ಉಳಿಯುತ್ತೆ. ಒಂದು ಬುಶ್ಶಿನ ಬೆಲೆ ಆ ದಿನ ಒಂದು ಬೆಳೆಯ ಬೆಲೆ.

ಪೇಟೆಯ ಟರ್ನರ್ ಮಾತೇ ಬೇರೆ. "ವಿಡಿಯಾ ಇಲ್ದೆ ಲೇತ್ ಯಾಕೆ ಯಜಮಾನ್ರೇ?" ಅಂತ ಅವರು ಕೇಳಿದ್ರೆ ತಪ್ಪೇನಿಲ್ಲ. ದಿನಕ್ಕೆ ನೂರು ಪಿನ್ನು ತೆಗೆಯೋರಿಗೆ ಪಿನ್ನಿಗೆ ಎರಡು ನಿಮಿಷ ಉಳಿದ್ರೆ ಸಂಜೆಗೆ ಮೂರು ಗಂಟೆ ಉಳಿಯಿತು. ನಾವು ತೆಗೆಯೋದು ತಿಂಗಳಿಗೆ ಒಂದೋ ಎರಡೋ ಪಿನ್ನು. ಅದಕ್ಕೆ ಹತ್ತು ನಿಮಿಷ ಹೆಚ್ಚಾದ್ರೆ ಯಾರ ಗಂಟು ಹೋಯ್ತು? ನಿಮಿಷ ಉಳಿಸೋ ಟೂಲು ಅವರಿಗಿರಲಿ. ಪೇಟೆಗೆ ಓಡೋದು ತಪ್ಪಿಸೋ ಟೂಲು ನಮಗೆ ಬೇಕು. ಮೊನೆ ಮುರಿದಾಗ ಮನೆಯಲ್ಲೇ ಮತ್ತೆ ಹುಟ್ಟಿಸಿಕೊಳ್ಳೋ ಹಾಗಿರಬೇಕು.

ಆ ಗುಣ ಇರೋದು ಹೈಸ್ಪೀಡ್ ಟೂಲ್ ಬಿಟ್ಟಿಗೆ. ಅಂಗಡಿಯಲ್ಲಿ ಎಚ್.ಎಸ್.ಎಸ್. ಅಂತ ಕೇಳಿ. ನಾಲ್ಕು ಇಂಚು ಉದ್ದದ, ಕಾಲಿಂಚು, ಮುಕ್ಕಾಲು ಸಲ ಅರ್ಧ ಇಂಚಿನ ಚೌಕದ ಕಂಬಿ. ಟಂಗ್‌ಸ್ಟನ್, ಮಾಲಿಬ್ಡಿನಂ, ಕ್ರೋಮಿಯಂ, ವನೇಡಿಯಂ ಬೆರೆಸಿದ ಉಕ್ಕು. ಕೋಬಾಲ್ಟ್ ಬೆರೆಸಿದ್ದು ಇನ್ನಷ್ಟು ಬಿಸಿ ತಡೆಯುತ್ತೆ, ಬೆಲೆನೂ ಜಾಸ್ತಿ. ಒಂದು ಬಿಟ್ ತಂದರೆ ನಮ್ಮಂಥವರ ಕೆಲಸಕ್ಕೆ ವರ್ಷಗಟ್ಟಲೆ ಬರುತ್ತೆ. ಮೊನೆ ಹೋದ್ರೆ ಮನೆ ಗ್ರೈಂಡರ್ ಕಲ್ಲಿಗೆ ಹಿಡಿದು ಐದು ನಿಮಿಷದಲ್ಲಿ ಹೊಸ ಮೊನೆ. ಮೆದು ಉಕ್ಕಿಗೆ ಮುಂದೆ, ಪಕ್ಕದಲ್ಲಿ 8ರಿಂದ 10 ಡಿಗ್ರಿ ಕೆಳಗೆ ಓರೆ, ಮೇಲ್ಮೈಗೆ ಹಿಂದಕ್ಕೆ 12-15 ಡಿಗ್ರಿ ಇಳಿಜಾರು. ಕೊನೆಗೆ ಎಣ್ಣೆ ಕಲ್ಲಿನ ಮೇಲೆ ನಾಲ್ಕು ಸಲ ಉಜ್ಜಿ. ಕುಡುಗೋಲು ಹಲ್ಲು ಹಿಡಿಯೋದು ಬಲ್ಲವರಿಗೆ, ಕುಂಟೆ ಕುಡಕ್ಕೆ ಎಷ್ಟು ಓರೆ ಕೊಟ್ರೆ ನೆಲ ಹಿಡಿಯುತ್ತೆ ಅಂತ ಗೊತ್ತಿರೋರಿಗೆ ಇದು ದೊಡ್ಡ ವಿದ್ಯೆ ಅಲ್ಲ. ಹುಡುಗರು ಇದಕ್ಕೆ ಹೆದರೋದು ನೋಡಿದ್ರೆ ನನಗೆ ಆಶ್ಚರ್ಯ.

ಈಗ ಲೆಕ್ಕ. ಪ್ರತಿ ಟೂಲಿಗೂ ಒಂದು ಓಟ ಇದೆ. ಮೊನೆಯ ಮುಂದೆ ಕಬ್ಬಿಣ ನಿಮಿಷಕ್ಕೆ ಎಷ್ಟು ಮೀಟರ್ ಸರೀಬೇಕು ಅನ್ನೋದೇ ಆ ಓಟ. ಮೆದು ಉಕ್ಕಿಗೆ ಹೈಸ್ಪೀಡ್ ಟೂಲಿಗೆ 25-30 ಮೀಟರ್. ಕಾರ್ಬೈಡಿಗೆ 100 ಮೀಟರ್ ದಾಟಿದ ಮೇಲೇ ಅದರ ನಿಜವಾದ ಸುಖ. ರಾಡಿನ ವ್ಯಾಸವನ್ನು ಮಿ.ಮೀ.ನಲ್ಲಿ ತಗೊಂಡು 3.14ರಿಂದ ಗುಣಿಸಿ, ಲೇತಿನ ಸುತ್ತಿನಿಂದ ಗುಣಿಸಿ, 1000ದಿಂದ ಭಾಗಿಸಿ. ಓಟ ಬರುತ್ತೆ.

25 ಮಿ.ಮೀ. ರಾಡು, 400 ಸುತ್ತು: 31 ಮೀಟರ್. ಹೈಸ್ಪೀಡ್ ಟೂಲಿಗೆ ಹೇಳಿ ಮಾಡಿಸಿದ ಹಾಗೆ. ಅದೇ ರಾಡನ್ನು 120 ಮೀಟರಿನಲ್ಲಿ ಓಡಿಸಬೇಕು ಅಂದ್ರೆ ಲೇತು 1500 ಸುತ್ತು ಹಾಕಬೇಕು. ನನ್ನ ಬೆಲ್ಟ್ ಲೇತಿನ ಮೇಲಿನ ಗಾಲಿಯಲ್ಲಿ ಹಾಕಿದ್ರೂ 600 ದಾಟಲ್ಲ. 12 ಮಿ.ಮೀ. ಪಿನ್ನು ಹಿಡಿದ್ರೆ 600 ಸುತ್ತಿಗೂ ಓಟ 23 ಮೀಟರಿಗಿಂತ ಕಮ್ಮಿ. ಅಷ್ಟು ನಿಧಾನದಲ್ಲಿ ಕಾರ್ಬೈಡ್ ಮೊನೆಗೆ ಮೆದು ಉಕ್ಕು ಬೆಸೆದುಕೊಂಡ ಹಾಗೆ ಅಂಟುತ್ತೆ, ಆಮೇಲೆ ಕಿತ್ತು ಬರುತ್ತೆ, ಬರುವಾಗ ಮೊನೆಯ ಚೂರನ್ನೂ ಎಳೆದುಕೊಂಡು ಬರುತ್ತೆ. ರಾಡಿನ ಮೈ ಬರಗಾಲದ ಕೆರೆಯಂಗಳದ ಹಾಗೆ ಕಾಣುತ್ತೆ.

ಸುತ್ತು ಜಾಸ್ತಿ ಮಾಡಿಸಿದ್ರೆ ಆಯ್ತಲ್ಲ ಅಂತೀರಾ? ಮೋಟರ್ ನೋಡಿ. ಮೆದು ಉಕ್ಕನ್ನು ನಿಮಿಷಕ್ಕೆ 15 ಘನ ಸೆಂಟಿಮೀಟರ್ ಬಿಡಿಸೋಕೆ ಹೆಚ್ಚುಕಮ್ಮಿ ಒಂದು ಎಚ್.ಪಿ. ಬೇಕು. ಒಂದು ಮಿ.ಮೀ. ಆಳ, ಸುತ್ತಿಗೆ 0.2 ಮಿ.ಮೀ. ನಡಿಗೆ, 25 ಮೀಟರ್ ಓಟ ಅಂದ್ರೆ ಬರೋದು 5 ಘನ ಸೆಂಟಿಮೀಟರ್. ಒಂದು ಎಚ್.ಪಿ. ಸಿಂಗಲ್ ಫೇಸ್ ಮೋಟರು ಹಾಡಿಕೊಂಡು ಎಳೆಯುತ್ತೆ. ಅದೇ ಆಳ, ಅದೇ ನಡಿಗೆ, 120 ಮೀಟರ್ ಓಟ ಅಂದ್ರೆ 24 ಘನ ಸೆಂಟಿಮೀಟರ್. ಒಂದೂವರೆ ಎಚ್.ಪಿ.ಗೂ ಮೇಲೆ. ನಮ್ಮ ಊರಿನ ಸಂಜೆ ವೋಲ್ಟೇಜಿನಲ್ಲಿ ಅದು ಆಗೋ ಮಾತಾ? ಎರಡು ಹೋರಿಯ ಗಾಡಿಗೆ ಲಾರಿ ಲೋಡು ಹೇರಿದಂಗೆ.

ಕಾರ್ಬೈಡ್ ಅಂದ್ರೆ ಏನು ಅಂತಲೂ ಗೊತ್ತಿರಲಿ. ಟಂಗ್‌ಸ್ಟನ್ ಕಾರ್ಬೈಡಿನ ಪುಡಿಗೆ ಕೋಬಾಲ್ಟ್ ಪುಡಿ ಸೇರಿಸಿ, ಅಚ್ಚಿಗೆ ಒತ್ತಿ, ಕುಲುಮೆಯಲ್ಲಿ ಬೇಯಿಸಿದ್ದು. ಇಟ್ಟಿಗೆ ಮಾಡಿದ ಹಾಗೇ. ಇಟ್ಟಿಗೆಯ ಗುಣವೂ ಇದೆ: ಕೆಂಪಗಾಗೋ ಬಿಸಿಗೂ ಮೆತ್ತಗಾಗಲ್ಲ, ಆದ್ರೆ ಪೆಟ್ಟು ಬಿದ್ರೆ ಚೂರಾಗುತ್ತೆ. ಹೈಸ್ಪೀಡ್ ಉಕ್ಕು 600 ಡಿಗ್ರಿ ಹತ್ತಿರ ಸೋಲುತ್ತೆ, ಆದ್ರೆ ಪೆಟ್ಟು ತಡೆಯುತ್ತೆ. ನಮ್ಮ ವರ್ಕ್‌ಶಾಪುಗಳಲ್ಲಿ ಕಾರ್ಬೈಡಿಗೆಲ್ಲಾ ವಿಡಿಯಾ ಅನ್ನೋದು ರೂಢಿ. ಅದು 1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಕಂಪನಿ ಇಟ್ಟ ಹೆಸರು, ವಜ್ರದ ಹಾಗೆ ಅನ್ನೋ ಅರ್ಥದ ಅವರ ಮಾತಿನಿಂದ ಬಂದದ್ದು. 1960ರ ದಶಕದಲ್ಲಿ ಆ ಹೆಸರಿನ ಕಾರ್ಖಾನೆ ಬೆಂಗಳೂರಿಗೇ ಬಂತು, ತುಮಕೂರು ರಸ್ತೆಯಲ್ಲಿ. ಈಗ ಅದರ ಹೆಸರು ಕೆನ್ನಾಮೆಟಲ್. ಹಂಡೆಗಳಿಗೆಲ್ಲಾ ಒಂದೇ ಹೆಸರು ಬಿದ್ದಂಗೆ, ನಮ್ಮ ಟರ್ನರುಗಳಿಗೆ ಮಾತ್ರ ಅದು ಇವತ್ತಿಗೂ ವಿಡಿಯಾ.

ಹಾಗಾದ್ರೆ ಇನ್ಸರ್ಟ್ ಬೇಡವೇ ಬೇಡವಾ? ಬೇಕು. ಹೈಸ್ಪೀಡ್ ಟೂಲ್ ಸೋಲೋ ಕೆಲಸ ನಮ್ಮಲ್ಲೂ ಇವೆ. ಸವೆದ ಶಾಫ್ಟಿಗೆ ವೆಲ್ಡಿಂಗ್ ತುಂಬಿಸಿ ಮತ್ತೆ ಅಳತೆಗೆ ತರೋದು ನಮ್ಮಲ್ಲಿ ದಿನದ ಕೆಲಸ. ಆ ವೆಲ್ಡಿಂಗಿನ ಮೈ ಗಟ್ಟಿ, ಒಳಗೆ ಕಿಟ್ಟದ ಹರಳು ಬೇರೆ. ಎರಕದ ಕಬ್ಬಿಣದ ರಾಟೆಯ ಮೇಲ್ಪದರವೂ ಹಂಗೇ, ಮರಳು ಹಿಡಿದಿರುತ್ತೆ. ಅಲ್ಲಿ ಹೈಸ್ಪೀಡ್ ಮೊನೆ ಒಂದು ಸುತ್ತಿಗೆ ಬೋಳು. ಅಲ್ಲಿ ಕಾರ್ಬೈಡೇ ಆಗಬೇಕು. ಮೇಲೆ ಕೆರೆಯದೆ, ಮೊದಲ ಏಟಿಗೇ ಆ ಪದರದ ಕೆಳಕ್ಕೆ ಇಳಿಯೋಷ್ಟು ಆಳ ಕೊಡಬೇಕು. ಆದ್ರೆ ವೆಲ್ಡಿಂಗ್ ಗಂಟಿನ ಮೇಲೆ ಮೊದಲ ಸುತ್ತು ಬರೀ ಪೆಟ್ಟೇ. ಅದಕ್ಕೆ ಒಳ್ಳೆ ಇನ್ಸರ್ಟ್ ಬಲಿ ಕೊಡಬೇಡಿ. ಹಿತ್ತಾಳೆಯಲ್ಲಿ ಬೆಸುಗೆ ಹಾಕಿದ ಹಳೇ ನಮೂನೆ ವಿಡಿಯಾ ಟೂಲು ಈಗಲೂ ಅಗ್ಗಕ್ಕೆ ಸಿಗುತ್ತೆ. ಉಕ್ಕಿಗೆ ಪಿ-30, ಎರಕಕ್ಕೆ ಕೆ-20 ಅಂತ ಕೇಳಿ. ಒಂದೊಂದು ಇರಲಿ. ಗಂಟು ಇಳಿಸೋಕೆ ಅದು, ಮೈ ತೆಗೆಯೋಕೆ ಇನ್ಸರ್ಟು.

ಕಮಾನುಪಟ್ಟಿ, ಹಳೇ ಆಕ್ಸೆಲ್ ಥರದ ಗಟ್ಟಿ ಉಕ್ಕಿಗೆ ಇನ್ನೊಂದು ದಾರಿ ನಮ್ಮ ಕಮ್ಮಾರರದೇ. ಕೆಂಪಗೆ ಕಾಯಿಸಿ ರಾತ್ರಿಯೆಲ್ಲಾ ಬೂದಿಯಲ್ಲಿ ಹೂತಿಡೋದು. ಬೆಳಿಗ್ಗೆಗೆ ಅದು ಹೈಸ್ಪೀಡ್ ಟೂಲಿಗೇ ಬಗ್ಗುತ್ತೆ. ಕೆಲಸ ಮುಗಿದ ಮೇಲೆ ಮತ್ತೆ ಹದ ಹಾಕಿಸಿಕೊಳ್ಳಿ.

ಇನ್ನು ಆರಿಸೋ ವಿಷಯ. ಡಬ್ಬಿ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಆರು ಅಂಕಿ ಇರುತ್ತೆ. ಅದನ್ನು ನೋಡಿ ಬಹಳ ಜನ ಗಾಬರಿ ಬೀಳ್ತಾರೆ. ಗೊಬ್ಬರದ ಚೀಲದ ಮೇಲೆ 10:26:26 ಅಂತ ಓದೋಕೆ ಕಲ್ತಿಲ್ವಾ ನಾವು? ಇದೂ ಅಷ್ಟೆ. ಈ ಬರಹ ಎಲ್ಲಾ ಕಂಪನಿಗೂ ಒಂದೇ.

ಸಿ.ಸಿ.ಎಂ.ಟಿ. 060204 ಅಂತ ಇದೆ ಅನ್ನಿ. ಮೊದಲ 'ಸಿ' ಬಿಲ್ಲೆಯ ಆಕಾರ, 80 ಡಿಗ್ರಿ ಮೂಲೆಯ ವಜ್ರಾಕಾರ. 'ಟಿ' ಇದ್ರೆ ಮುಕ್ಕೋನ, 'ಡಿ' ಇದ್ರೆ 55 ಡಿಗ್ರಿ ಚೂಪು. ಎರಡನೇ ಅಕ್ಷರವೇ ನಮಗೆ ಮುಖ್ಯ. 'ಸಿ' ಇದ್ರೆ ಬಿಲ್ಲೆಯ ಬದಿಗೆ ಕೆಳಕ್ಕೆ 7 ಡಿಗ್ರಿ ಓರೆ ಇದೆ ಅಂತ. 'ಎನ್' ಇದ್ರೆ ಓರೆ ಸೊನ್ನೆ, ಬದಿ ನೆಟ್ಟಗೆ. ಮೂರನೇದು ಅಳತೆಯ ನಿಖರತೆ, ನಾಲ್ಕನೇದು ತೂತು ಮತ್ತು ಸುರುಳಿ ಮುರಿಯೋ ಗೆರೆಯ ನಮೂನೆ. ಅಂಕಿಯಲ್ಲಿ 06 ಅಂದ್ರೆ ಅಂಚಿನ ಉದ್ದ 6 ಮಿ.ಮೀ., 02 ದಪ್ಪ, ಕೊನೆಯ 04 ಅಂದ್ರೆ ಮೂತಿಯ ದುಂಡು 0.4 ಮಿ.ಮೀ.

ಈ ಎರಡನೇ ಅಕ್ಷರದಲ್ಲೇ ನಮ್ಮ ಹುಡುಗರು ಬೀಳೋದು. ದೊಡ್ಡ ಕಾರ್ಖಾನೆಯವರು ಬಳಸೋದು ಸಿ.ಎನ್.ಎಂ.ಜಿ. 120408, ಟಿ.ಎನ್.ಎಂ.ಜಿ. 160408 ಥರದ್ದು. ಎರಡೂ ಮುಖ ಬಳಸಬಹುದು, ಮುಕ್ಕೋನದ್ದಾದ್ರೆ ಆರು ಮೂಲೆ. "ಆರು ಮೂಲೆ ಅಣ್ಣ, ಲಾಭ ಅಲ್ವಾ?" ಅಂತ ಕೇಳ್ತಾರೆ. ಬದಿಗೆ ಓರೆ ಇಲ್ಲದ ಬಿಲ್ಲೆ ಕಬ್ಬಿಣಕ್ಕೆ ತಾಗದೆ ಇರಬೇಕಾದ್ರೆ ಹಿಡಿಕೆಯಲ್ಲಿ ಅದನ್ನು ಮುಂದಕ್ಕೆ ಬಗ್ಗಿಸಿ ಕೂರಿಸಬೇಕು. ಹಾಗೆ ಬಗ್ಗಿದ ಮೊನೆ ಕಡಿಯಲ್ಲ, ದಬ್ಬುತ್ತೆ. ನೇಗಿಲ ಗುಳದ ಮೊನೆ ನೆಲಕ್ಕೆ ಹೊಗದೆ ಮಣ್ಣನ್ನು ಮುಂದಕ್ಕೆ ನೂಕಿದ ಹಾಗೆ. ಹಾಗೆ ನೂಕೋಕೆ ಹತ್ತು ಎಚ್.ಪಿ. ಮೋಟರೂ, ಟನ್‌ಗಟ್ಟಲೆ ತೂಕದ ಲೇತೂ ಇದ್ದವರಿಗೆ ಅದು ಸರಿ. ನಮ್ಮ ಹಗುರ ಲೇತು ನಡುಗುತ್ತೆ. ಮೂತಿಯ ದುಂಡು 0.8 ಇದ್ರಂತೂ ಸಣ್ಣ ರಾಡು ಹಿಂದಕ್ಕೆ ಬಾಗಿ ನಡುವೆ ದಪ್ಪ ಉಳಿಯುತ್ತೆ. ಆ ಬಿಲ್ಲೆಗಳ ಸುರುಳಿ ಮುರಿಯೋ ಗೆರೆ ಕೂಡ ದೊಡ್ಡ ಆಳಕ್ಕೆ ಮಾಡಿದ್ದು. ನಾವು ಅರ್ಧ ಮಿ.ಮೀ. ತೆಗೆದ್ರೆ ಸುರುಳಿ ಮುರಿಯದೆ ಮಾರುದ್ದ ಬಂದು ಕೈಗೆ ಸುತ್ತುತ್ತೆ. ಲುಂಗಿ ಉಟ್ಟು ಲೇತ್ ಮುಂದೆ ನಿಲ್ಲೋರು ಇದನ್ನು ಎರಡು ಸಲ ಓದಿ.

ನನ್ನ ಮಾತು ಕೇಳೋದಾದ್ರೆ: ಎರಡನೇ ಅಕ್ಷರ 'ಸಿ', ಮೂತಿ 04 ಅಥವಾ 02, ಅಂಚು 06 ಅಥವಾ 09. ಆಕಾರ ಒಂದೇ ಇರಲಿ, ಸಿ.ಸಿ.ಎಂ.ಟಿ. ಸಾಕು. ಏಳು ಹಿಡಿಕೆಯ ಸೆಟ್ಟು ಬೇಡ, ಏಳರಲ್ಲಿ ಎರಡು ಬಳಸಿ ಐದು ತುಕ್ಕು ಹಿಡಿಸ್ತೀರಿ. ಹೊರ ಮೈಗೆ ಒಂದು ಹಿಡಿಕೆ, ತೂತಿನ ಒಳಗೆ ತಿರುಗಿಸೋಕೆ ಒಂದು ಬೋರಿಂಗ್ ಬಾರು, ಎರಡಕ್ಕೂ ಅದೇ ಬಿಲ್ಲೆ ಕೂರೋ ಹಾಗೆ ನೋಡಿ ತಗೊಳ್ಳಿ. ಹಿಡಿಕೆ ಮೇಲೆ ಎಸ್.ಸಿ.ಎಲ್.ಸಿ.ಆರ್. 1212 ಅಂತ ಇದ್ರೆ 12 ಮಿ.ಮೀ. ಚೌಕದ ಬಲಗೈ ಹಿಡಿಕೆ. ಜೊತೆಗೆ ಒಂದೆರಡು ಸ್ಕ್ರೂ, ಅದರ ನಕ್ಷತ್ರ ಕೀಲಿ ಹೆಚ್ಚಿಗೆ ಕೇಳಿ ಇಸ್ಕೊಳ್ಳಿ. ಆ ಸ್ಕ್ರೂ ಕಳೆದ್ರೆ ಊರಲ್ಲಿ ಸಿಗಲ್ಲ, ಲೇತಿನ ಕೆಳಗಿನ ಸುರುಳಿ ರಾಶಿಯಲ್ಲಿ ಹುಡುಕೋಕಂತೂ ಆಗಲ್ಲ.

ಡಬ್ಬಿಯ ಬಣ್ಣವೂ ನೋಡಿ. ನೀಲಿ ಉಕ್ಕಿಗೆ, ಹಳದಿ ಸ್ಟೇನ್‌ಲೆಸ್ಸಿಗೆ, ಕೆಂಪು ಎರಕಕ್ಕೆ, ಹಸಿರು ಅಲ್ಯೂಮಿನಿಯಂಗೆ. ಹಸಿರಿನಲ್ಲಿ ಸಿ.ಸಿ.ಜಿ.ಟಿ. ಅಂತ ಬರುತ್ತೆ, ಲೇಪನ ಇಲ್ಲದೆ ಕನ್ನಡಿ ಹಾಗೆ ಹೊಳೆಯೋದು. ಅದರ ಅಂಚು ಕ್ಷೌರದ ಕತ್ತಿ. ನಿಧಾನ ಓಡೋ ಸಣ್ಣ ಲೇತಿನಲ್ಲಿ ಮೆದು ಉಕ್ಕಿನ ಕೊನೇ ಸಣ್ಣ ಏಟಿಗೆ ಅದು ನೀಲಿ ಡಬ್ಬಿಯದಕ್ಕಿಂತ ಚೆನ್ನಾಗಿ ಕಡಿಯುತ್ತೆ. ಪೆಟ್ಟು ಮಾತ್ರ ತಡೆಯಲ್ಲ.

ಹಳೇ ಇನ್ಸರ್ಟಿನ ವ್ಯಾಪಾರ ಒಂದಿದೆ. ಕಾರ್ಖಾನೆಯವರು ಬಳಸಿ ಬಿಟ್ಟದ್ದನ್ನು ಗುಜರಿಯವರು ಕೆ.ಜಿ. ಲೆಕ್ಕದಲ್ಲಿ ಕೊಳ್ತಾರೆ, ಕರಗಿಸೋಕೆ. ಅದರಲ್ಲಿ ಆರಿಸಿ ತೊಳೆದು ಡಬ್ಬಿಗೆ ತುಂಬಿ ನಮ್ಮ ಕಡೆ ಮಾರೋರಿದ್ದಾರೆ. ನನಗೂ ಒಂದು ಅಂಗಡಿಯಲ್ಲಿ ಹೊಸದು ಅಂತ ಅಂಥದ್ದೇ ಕೊಡೋಕೆ ಬಂದ್ರು. ಜೇಬಲ್ಲಿ ಭೂತಗನ್ನಡಿ ಇತ್ತು. ಹಿಡಿದು ನೋಡಿದ್ರೆ ಮೂಲೆಯ ಚಿನ್ನದ ಬಣ್ಣ ಸವೆದು ಬೂದು ಬಣ್ಣ ಇಣುಕ್ತಾ ಇತ್ತು, ತೂತಿನ ಸುತ್ತ ಸ್ಕ್ರೂ ಕೂತ ಗುರುತು. ವಾಪಸ್ ಮೇಜಿನ ಮೇಲಿಟ್ಟು ಬಂದೆ. ಭೂತಗನ್ನಡಿ ಇಲ್ದಿದ್ರೆ ಉಗುರಿನ ಮೇಲೆ ಮೊನೆಯನ್ನು ಮೆಲ್ಲಗೆ ಎಳೀರಿ. ಹೊಸ ಚೂಪು ಮೊನೆ ಹಿಡಿಯುತ್ತೆ, ಸತ್ತ ಮೊನೆ ಜಾರುತ್ತೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆ ಕಡೆ ಹೋದವರು ಬಿಡಿ ಬಿಲ್ಲೆ ತರೋದಾದ್ರೆ ಇಷ್ಟು ನೋಡಿಯೇ ದುಡ್ಡು ಕೊಡಿ. ಹತ್ತರ ಡಬ್ಬಿ ಬೇಕಾಗೇ ಇಲ್ಲ, ಎರಡು ಬಿಲ್ಲೆ ನಮ್ಮಂಥವರಿಗೆ ಒಂದು ವರ್ಷ.

ಪಕ್ಕದೂರಿನ ಹುಡುಗನ ಕಥೆ ಇಲ್ಲಿ ಹೇಳಬೇಕು. ಐ.ಟಿ.ಐ. ಓದಿದವನು, ಕೈ ಚುರುಕು. ಗುಜರಿಯಲ್ಲಿ 25 ಮಿ.ಮೀ. ಹಿಡಿಕೆ, ಜೊತೆಗೆ ಒಂದು ಮುಷ್ಟಿ ಸಿ.ಎನ್.ಎಂ.ಜಿ. ಬಿಲ್ಲೆ ಸಿಕ್ಕಿತು. ಅಷ್ಟು ದಪ್ಪದ ಹಿಡಿಕೆ ಅವನ ಟೂಲ್ ಪೋಸ್ಟಿನಲ್ಲಿ ಕೂತ್ರೆ ಮೊನೆ ರಾಡಿನ ಮಧ್ಯಕ್ಕಿಂತ ಮೇಲೆ ನಿಲ್ಲುತ್ತೆ. ಮೊನೆ ಮೇಲಿದ್ರೆ ಅದರ ಹೊಟ್ಟೆ ಉಜ್ಜುತ್ತೆ ಹೊರತು ಬಾಯಿ ಕಡಿಯಲ್ಲ. ಹಿಡಿಕೆಯ ಅಡಿ ಉಜ್ಜಿ ತೆಳು ಮಾಡಿದ. ಆಗಲೂ ಗರಗರ. ಬೇರಿಂಗ್ ಹೋಗಿದೆ ಅಂತ ಲೇತಿನ ತಲೆ ಬಿಚ್ಚಿದ, ಅದಕ್ಕೂ ದುಡ್ಡು ಹಾಕಿದ. ನಾನು ಹೋಗಿ ಒಂದು ಹೈಸ್ಪೀಡ್ ಬಿಟ್ ಕಟ್ಟಿ ಒಂದು ಏಟು ತೆಗೆದೆ. ನೀಟಾಗಿ ಸುರುಳಿ ಬಂತು. ಹುಡುಗ ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಅವನದೇನೂ ದೋಷ ಇಲ್ಲ. ಓದಿದ ಕಡೆ ದೊಡ್ಡ ಲೇತಿನ ಪಾಠ ಹೇಳಿದ್ರು, ಊರಿಗೆ ಬಂದ್ರೆ ಸಣ್ಣ ಲೇತು ಸಿಕ್ಕಿತು.

ಮೊನೆಯ ಎತ್ತರ ಗೊತ್ತು ಮಾಡೋಕೆ ಸುಲಭ ಉಪಾಯ ಇದೆ. ರಾಡಿಗೂ ಮೊನೆಗೂ ನಡುವೆ ತೆಳು ಉಕ್ಕಿನ ಸ್ಕೇಲ್ ಇಟ್ಟು ಮೆಲ್ಲಗೆ ಒತ್ತಿ. ಸ್ಕೇಲ್ ನೆಟ್ಟಗೆ ನಿಂತ್ರೆ ಸರಿ. ತಲೆ ನಿಮ್ಮ ಕಡೆ ಬಾಗಿದ್ರೆ ಮೊನೆ ಕೆಳಗಿದೆ, ಆಚೆ ಬಾಗಿದ್ರೆ ಮೇಲಿದೆ. ಹಾಳೆ ತಗಡಿನ ತುಂಡು ಕೊಟ್ಟು ಸರಿ ಮಾಡಿ. ಯಾವ ಟೂಲಿಗಾದ್ರೂ ಇದೇ.

ಬೇರಿಂಗ್ ಕೂರೋ ಜಾಗ ತೆಗೆಯುವಾಗ ಇನ್ನೊಂದು ತೊಡಕು. 6205 ಬೇರಿಂಗಿನ ಒಳ ವ್ಯಾಸ 25 ಮಿ.ಮೀ. ಶಾಫ್ಟು 25.04ಕ್ಕೆ ಬಂದಿದೆ, ಇನ್ನು ಕೂದಲೆಳೆ ತೆಗೆಯಬೇಕು. ಲೇಪನದ ಇನ್ಸರ್ಟಿನ ಅಂಚು ಸ್ವಲ್ಪ ಮೊಂಡಾಗೇ ಇರುತ್ತೆ, ಗಟ್ಟಿ ಇರಲಿ ಅಂತ ಹಾಗೇ ಮಾಡಿರ್ತಾರೆ. ಅದಕ್ಕೆ ಕೂದಲೆಳೆ ತೆಗೆಯೋಕೆ ಬರಲ್ಲ. ಉಜ್ಜುತ್ತೆ, ಉಜ್ಜುತ್ತೆ, ಆಮೇಲೆ ಒಂದೇ ಸಲ ಗಬಕ್ಕನೆ ಹೊಕ್ಕು ಹೆಚ್ಚು ತಿನ್ನುತ್ತೆ. ಇನ್ಸರ್ಟಿನಲ್ಲಿ ಮುಗಿಸೋದಾದ್ರೆ ಮಿಕ್ಕ ಅರ್ಧ ಮಿ.ಮೀ. ಇರುವಾಗಲೇ ಅದನ್ನು ಎರಡು ಸಮ ಏಟಿಗೆ ಹಂಚಿ. ಮೊದಲ ಏಟಾದ ಮೇಲೆ ಅಳೆದು ನೋಡಿ, ಎರಡನೇದು ಅದೇ ಆಳ ಕೊಡಿ. ಇಲ್ಲಾಂದ್ರೆ ಮಸೆದ ಹೈಸ್ಪೀಡ್ ಬಿಟ್ಟಿಗೆ ಬಿಡಿ, ಅದು ಬೇಕಾದಷ್ಟು ಸಣ್ಣಗೆ ಹೆರೆಯುತ್ತೆ. ಗನ್ ಮೆಟಲ್, ನೈಲಾನ್ ಬುಶ್ಶಿಗೂ ನನ್ನ ಕೈ ಹೋಗೋದು ಅದಕ್ಕೇ. ಗನ್ ಮೆಟಲಿಗೆ ಮಾತ್ರ ಮೇಲಿನ ಇಳಿಜಾರು ಬೇಡ, ಸಪಾಟು ಇರಲಿ. ಇಲ್ದಿದ್ರೆ ಎಳೆದುಕೊಂಡು ಹೋಗುತ್ತೆ.

ಕರೆಂಟಿನ ಮಾತು ಮರೀಬಾರದು. ಏಟಿನ ನಡುವೆ ಕರೆಂಟ್ ಹೋಯ್ತು ಅಂದ್ರೆ ಲೇತು ನಿಧಾನ ಆಗಿ, ಮೊನೆ ಕಬ್ಬಿಣದೊಳಗೇ ಸಿಕ್ಕಿ ನಿಲ್ಲುತ್ತೆ. ಹೈಸ್ಪೀಡಿಗೆ ಏನೂ ಆಗಲ್ಲ, ಕಾರ್ಬೈಡ್ ಮೂಲೆ ಅಲ್ಲೇ ಚಟ್ ಅಂತ ಮುರಿಯುತ್ತೆ. ಸದ್ದು ಇಳಿದ ಕೂಡಲೇ ನಡಿಗೆಯ ಲಿವರ್ ಬಿಡಿಸಿ ಟೂಲನ್ನು ಹಿಂದಕ್ಕೆ ತಿರುಗಿಸಿ. ಸಿಕ್ಕಿಕೊಂಡಿದ್ರೆ ಚಕ್ಕನ್ನು ಹಿಂದಕ್ಕೆ ತಿರುಗಿಸಬೇಡಿ, ಮೊದಲು ಹಿಡಿಕೆ ಸಡಿಲಿಸಿ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗೋ ಊರಲ್ಲಿ ಇದೊಂದೇ ಕಾರಣಕ್ಕೆ ಇನ್ಸರ್ಟಿನ ಖರ್ಚು ಎರಡರಷ್ಟಾಗುತ್ತೆ. ಬಿಸಿ ಕಾರ್ಬೈಡಿಗೆ ಆಗಾಗ ನೀರು ಚಿಮುಕಿಸೋದೂ ತಪ್ಪು, ಬಿರುಕು ಬಿಡುತ್ತೆ. ಕೊಟ್ರೆ ಧಾರೆಯಾಗಿ ಕೊಡಿ, ಇಲ್ಲಾಂದ್ರೆ ಒಣಗೇ ಇರಲಿ.

ಬೆಸುಗೆಯ ವಿಡಿಯಾ ಟೂಲು ಮಸೆಯೋಕೆ ಮಾಮೂಲಿ ಬೂದು ಕಲ್ಲು ಆಗಲ್ಲ, ಹಸಿರು ಕಲ್ಲೇ ಬೇಕು. ಆ ಧೂಳಿನಲ್ಲಿ ಕೋಬಾಲ್ಟ್ ಇರುತ್ತೆ, ಶ್ವಾಸಕೋಶಕ್ಕೆ ಕೂತ್ರೆ ವಾಪಸ್ ಬರೋ ಕಾಯಿಲೆ ಅಲ್ಲ. ಮೂಗಿಗೆ ಟವಲ್ ಕಟ್ಟಿದ್ರೆ ಸಾಲದು, ಧೂಳಿನ ಮಾಸ್ಕ್ ಹಾಕಿ, ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು ಮಸೆಯಿರಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಇಷ್ಟೆಲ್ಲಾ ಹೈಸ್ಪೀಡಿನ ಪರ ಹೇಳಿದೋನು ಒಂದು ಕಡೆ ಮಾತ್ರ ಇನ್ಸರ್ಟಿಗೇ ಓಟು ಹಾಕ್ತೀನಿ. ಅದು ರಾಡನ್ನು ಕೊಯ್ದು ಬೇರೆ ಮಾಡೋ ಪಾರ್ಟಿಂಗ್ ಟೂಲು. ಹೈಸ್ಪೀಡ್ ಪಟ್ಟಿಯಲ್ಲಿ ಕೊಯ್ಯುವಾಗ ಸುರುಳಿ ಗಾಡಿಯಷ್ಟೇ ಅಗಲ ಬರುತ್ತೆ, ಅದೇ ಗಾಡಿಯಲ್ಲಿ ಸಿಕ್ಕಿಕೊಂಡು ಪಟ್ಟಿ ಮುರಿಯುತ್ತೆ. ಗಾಡಿ ಅಂದ್ರೆ ಟೂಲು ಕೊರೆದ ಆ ಸಂದು. ಇನ್ಸರ್ಟಿನ ಪಾರ್ಟಿಂಗ್ ಬಿಲ್ಲೆಯ ತಲೆಯಲ್ಲಿ ತಗ್ಗು ಇರೋದರಿಂದ ಸುರುಳಿ ಮಡಚಿಕೊಂಡು ಸಂದಿಗಿಂತ ಸಣ್ಣದಾಗಿ ಸಲೀಸಾಗಿ ಹೊರಗೆ ಬರುತ್ತೆ. ಎರಡು ಮಿ.ಮೀ. ಅಗಲದ್ದು ನಮ್ಮ ಲೇತಿಗೆ ಸಾಕು. ದುಡ್ಡು ಮಿಕ್ಕರೆ ಇನ್ಸರ್ಟಿನಲ್ಲಿ ಮೊದಲು ಇದನ್ನೇ ತನ್ನಿ, ಹೊರ ಮೈ ಹಿಡಿಕೆ ಆಮೇಲೆ.

ಹರಿಹರದಲ್ಲಿ 1941ರಿಂದ ಲೇತ್ ಮಾಡ್ತಿದ್ದ ಮೈಸೂರು ಕಿರ್ಲೋಸ್ಕರ್ ಮುಚ್ಚಿ ಎರಡು ದಶಕ ದಾಟಿತು. ಆದ್ರೆ ಅಲ್ಲಿಯ ಲೇತುಗಳು ದಾವಣಗೆರೆ, ಚಿತ್ರದುರ್ಗದ ಕಡೆ ಹಳೇ ವರ್ಕ್‌ಶಾಪುಗಳಲ್ಲಿ ಇನ್ನೂ ಓಡ್ತಾ ಇವೆ. ಅಂಥದ್ದು ಸಿಕ್ಕವರು ಪುಣ್ಯವಂತರು. ಅದರ ತೂಕಕ್ಕೆ ನಾನು ಮೇಲೆ ಹೇಳಿದ ಹಲವು ಮಾತು ಸಡಿಲ ಆಗುತ್ತೆ, 0.8 ಮೂತಿಯೂ ತಡೆದೀತು. ಅಂಥ ಲೇತನ್ನು ಹೊಲದ ಮನೆಯಲ್ಲಿ ಇಟ್ಟುಕೊಂಡು ಸಿಂಗಲ್ ಫೇಸಿನಲ್ಲಿ ಓಡಿಸ್ತಿರೋರು ನಮ್ಮ ಓದುಗರಲ್ಲಿ ಇದ್ರೆ ಯಾವ ಮೋಟರ್ ಹಾಕಿದ್ದೀರಿ, ಯಾವ ಬಿಲ್ಲೆ ಬಳಸ್ತೀರಿ, ಒಂದು ಮೂಲೆ ಎಷ್ಟು ಕೆಲಸಕ್ಕೆ ಬಂತು ಅಂತ ಪತ್ರಿಕೆಗೆ ಬರೀರಿ. ಎರಕದ ರಾಟೆಗೆ ಕೆಂಪು ಡಬ್ಬಿಯ ಬಿಲ್ಲೆ ಹಾಕಿದವರು ಸಹ ಬರೆದ್ರೆ ಮುಂಗಾರಿಗೆ ಮುಂಚೆ ನಮಗೆಲ್ಲಾ ಅನುಕೂಲ.